ಬಾಲದ ಕೆಳಗೆ ಕಂಡ ಕೆಂಪು ಎಳೆ: ನೂಲು ನುಂಗಿದ ನಾಯಿಯ ಒಂದು ಪ್ರಕರಣ

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಪಶುವೈದ್ಯನಾಗಿ ಕೆಲಸ ಮಾಡುತ್ತೇನೆ. ಇಲ್ಲಿ ಹೇಳುವುದು ನೇಕಾರರ ಮನೆಯ ಒಂದು ಮುಧೋಳ ನಾಯಿಯ ವಿಷಯ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು ಇಳಕಲ್ಲೋ, ಕಮತಗಿಯೋ, ಗುಳೇದಗುಡ್ಡವೋ, ಸೂಳೇಬಾವಿಯೋ ಹೇಳುವುದಿಲ್ಲ. ಆಪರೇಷನ್ ಮಾಡಿದ ಆಸ್ಪತ್ರೆಯ ಹೆಸರೂ ಬೇಡ. ಗುರುತು ಸಿಗುವಂಥ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಾಯಿಗೆ ಏನಾಯಿತು, ಯಾರು ಯಾವಾಗ ಏನು ಮಾಡಿದರು ಅನ್ನುವುದು ಮಾತ್ರ ಇದ್ದ ಹಾಗೆಯೇ ಇದೆ.

ನಾಯಿ ಏನಾದರೂ ನುಂಗಿತು ಅಂದಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ವಾಂತಿ ಮಾಡಿಸಬೇಕೋ, ಭೇದಿ ಮಾಡಿಸಬೇಕೋ? ಈ ಪ್ರಕರಣದಲ್ಲಿ ಎರಡೂ ಬೇಡವಾಗಿತ್ತು. ಅದನ್ನು ಬಿಡಿಸಿ ಹೇಳಲೆಂದೇ ಬರೆಯಲು ಕೂತಿದ್ದೇನೆ.

ಹಿನ್ನೆಲೆ

ಮನೆಯ ಪಡಸಾಲೆಯಲ್ಲೇ ಎರಡು ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ. ನೇಯುವುದು ಸೀರೆ: ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು. ಸೆರಗಿನ ಹಾಸನ್ನು (ಉದ್ದಕ್ಕೆ ಹಾಯುವ ಎಳೆಗಳನ್ನು) ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವಾಗ ತುಂಡು ಎಳೆಗಳು ಉಳಿಯುತ್ತವೆ. ನೂಲು ಸುತ್ತುವ ಕಂಡಿಕೆಯಲ್ಲಿ ಉಳಿದ ನೂಲೂ ಇರುತ್ತದೆ. ಈ ಚಿಂದಿ ನೂಲನ್ನು ಯಾರೂ ಎಸೆಯುವುದಿಲ್ಲ. ಚೀಲದ ಬಾಯಿ ಕಟ್ಟಲು, ಕೈ ಒರೆಸಲು, ಪಾತ್ರೆ ಒರೆಸಲು ಅದೇ ಬೇಕು. ಅಜ್ಜ, ಮಗ, ಸೊಸೆ, ಎಂಟನೇ ತರಗತಿಯ ಮೊಮ್ಮಗ, ಜೊತೆಗೆ ಒಂದು ಎಮ್ಮೆ. ನಾಯಿ ಮೂರು ವರ್ಷದ ಗಂಡು, ಸುಮಾರು 24 ಕೆಜಿ. ಮುಧೋಳ ನಾಯಿಯನ್ನು ನೋಡಿದವರಿಗೆ ಗೊತ್ತು, ಉದ್ದ ಕಾಲು, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಮೈಮೇಲೆ ಕೊಬ್ಬೇ ಇಲ್ಲ. ಇದೂ ಹಾಗೇ.

ಊರಿನ ಜಾತ್ರೆ ಮುಗಿದ ಮರುದಿನ. ಮಟನ್ ಮಾಡಿದ ಬೋಗುಣಿಯ ಜಿಡ್ಡನ್ನು ಒಂದು ಹಿಡಿ ಚಿಂದಿ ನೂಲಿನಿಂದ ಒರೆಸಿ ಹಿತ್ತಲಿಗೆ ಹಾಕಿದ್ದರು. ನಾಯಿ ಅದನ್ನು ತಿಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲೇ ನೂಲಿಗೆ ಗಂಜಿಯ ವಾಸನೆ, ಮೇಲೆ ಮಟನ್ ಜಿಡ್ಡು. ನಾಯಿಗೆ ಅದು ತಿನ್ನುವ ವಸ್ತುವೇ. ತಿಂದದ್ದು ಇದೇ ಅಂತ ಗೊತ್ತಾದದ್ದು ಮೂರು ದಿನದ ಮೇಲೆ.

ಮೊದಲ ಮೂರು ದಿನ

ಮರುದಿನ ಬೆಳಗ್ಗೆ ನಾಯಿ ಹಳದಿ ನೊರೆ ವಾಂತಿ ಮಾಡಿತು. ರೊಟ್ಟಿ ಮೂಸಿ ಬಿಟ್ಟಿತು. ಜಾತ್ರೆ ಊಟ ಜಾಸ್ತಿ ಆಗಿರಬೇಕು ಅಂದುಕೊಂಡರು. ಹಾಗೆ ಅಂದುಕೊಳ್ಳುವುದು ಸಹಜವೇ. ಎರಡನೇ ದಿನ ಕುಡಿದ ನೀರೂ ನಿಲ್ಲಲಿಲ್ಲ. ನಾಯಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ನಿಲ್ಲತೊಡಗಿತು. ಹೊಟ್ಟೆನೋವು ಇರುವ ನಾಯಿ ಹೀಗೆ ನಿಲ್ಲುತ್ತದೆ. ಮೈ ಮುರಿಯುತ್ತಿದೆ ಅಂತ ತಿಳಿದು ಮನೆಯವರು ಸುಮ್ಮನಾದರು.

ಆ ಸಂಜೆ ಅಜ್ಜ ಭೇದಿಯಾಗಲೆಂದು ಔಡಲೆಣ್ಣೆ (ಹರಳೆಣ್ಣೆ) ಕುಡಿಸಿದರು. ಅವರ ಲೆಕ್ಕ ಎಮ್ಮೆಯದು. ನಮ್ಮ ಕಡೆ ಎಮ್ಮೆ, ಆಕಳು ಮೇವಿನ ಜೊತೆ ತಂತಿ, ಮೊಳೆ ನುಂಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಟ್ಟೆ ಕಟ್ಟಿದರೆ ಗೊಟ್ಟದಲ್ಲಿ (ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಎಣ್ಣೆ ಹಾಕುವುದು ತಲೆತಲಾಂತರದ ರೂಢಿ. ಈ ಮನೆಯವರಲ್ಲಿ ಅಸಡ್ಡೆ ಇರಲಿಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ತಮಗೆ ಗೊತ್ತಿದ್ದ ವೈದ್ಯವನ್ನು ಅವರು ಪ್ರೀತಿಯಿಂದಲೇ ಮಾಡಿದರು. ಆದರೆ ಎಮ್ಮೆಯ ಹೊಟ್ಟೆ ಬೇರೆ, ನಾಯಿಯ ಹೊಟ್ಟೆ ಬೇರೆ. ಎಮ್ಮೆ ನುಂಗಿದ ತಂತಿ ಸಾಮಾನ್ಯವಾಗಿ ಎರಡನೇ ಹೊಟ್ಟೆಯಲ್ಲೇ ಉಳಿಯುತ್ತದೆ. ನಾಯಿ ನುಂಗಿದ ದಾರ ಸಣ್ಣ ಕರುಳಿಗೆ ಇಳಿಯುತ್ತದೆ.

ಮೂರನೇ ದಿನ ಬೆಳಗ್ಗೆ ಬಾಲದ ಕೆಳಗೆ ಕೆಂಪಗೆ ಏನೋ ಜೋತು ಬಿದ್ದಿತ್ತು. ಮೊದಲು ರಕ್ತ ಅಂದುಕೊಂಡರು. ಆಮೇಲೆ ಹುಳ ಅಂದುಕೊಂಡು, ಔಷಧ ಅಂಗಡಿಯಿಂದ ಜಂತುಹುಳುವಿನ ಗುಳಿಗೆ ತಂದು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗ ಹತ್ತಿರ ಕೂತು ನೋಡಿದ. ರೇಷ್ಮೆ ಎಳೆ! ಹಿಡಿದು ಮೆಲ್ಲಗೆ ಎಳೆದ. ಒಂದು ಗೇಣು ಬಂತು. ಮತ್ತೆ ಎಳೆದ. ನಾಯಿ ಕಿರುಚಿ ತಿರುಗಿ ಹಲ್ಲು ತೋರಿಸಿತು. ಆ ನಾಯಿ ಮನೆಯವರಿಗೆ ಯಾವತ್ತೂ ಹಲ್ಲು ತೋರಿಸಿದ್ದಿಲ್ಲ. ಅಷ್ಟರಲ್ಲಿ ತಾಯಿ ಬಂದು, "ಬಿಡೋ, ಎಳಿಬ್ಯಾಡ. ಮಗ್ಗದಾಗ ಸಿಕ್ಕಿದ್ದ ಎಳಿ ಎಳದ್ರ ಅರಿವಿ ಹರೀತೈತಿಲ್ಲೋ?" ಅಂದು ಮಗನ ಕೈ ಬಿಡಿಸಿದಳು.

ಈ ಪ್ರಕರಣದ ಮೊದಲ ತಿರುವು ಇದು. ನಾಯಿ ಬದುಕಲು ನಾನು ಮಾಡಿದ್ದಕ್ಕಿಂತ ಆ ತಾಯಿ ಮಾಡಿದ್ದು ದೊಡ್ಡದು.

ಎಳೆದರೆ ಒಳಗೆ ಏನಾಗುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನುಂಗಿದ ದಾರ ಒಂದೇ ಮುದ್ದೆಯಾಗಿ ಮುಂದೆ ಸಾಗುವುದಿಲ್ಲ. ಮುದ್ದೆಯ ಒಂದು ಭಾಗ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ನಾಲಗೆಯ ಬುಡದಲ್ಲಿ, ನಾಯಿಗಳಲ್ಲಿ ಹೆಚ್ಚಾಗಿ ಜಠರದಿಂದ ಕರುಳಿಗೆ ಹೋಗುವ ಕಿರಿದಾದ ಬಾಯಲ್ಲಿ. ಉಳಿದ ಎಳೆ ಮಾತ್ರ ಕರುಳಿನೊಳಗೆ ಇಳಿಯುತ್ತಾ ಹೋಗುತ್ತದೆ. ಕರುಳು ತನ್ನ ಪಾಡಿಗೆ ಅಲೆಅಲೆಯಾಗಿ ತಳ್ಳುತ್ತದೆ. ಮೇಲಿನ ತುದಿ ಬಿಗಿಯಾಗಿರುವುದರಿಂದ ದಾರ ಸರಿಯುವುದಿಲ್ಲ, ಕರುಳೇ ದಾರದ ಮೇಲೆ ಏರಿ ಮಡಿಕೆ ಮಡಿಕೆಯಾಗುತ್ತದೆ. ಲಾಡಿ ಎಳೆದಾಗ ಲಂಗದ ಸೊಂಟ ನೆರಿಗೆಗಟ್ಟುತ್ತದಲ್ಲ, ಹಾಗೆ. ಬಿಗಿಯಾದ ದಾರ ಆ ನೆರಿಗೆಗಳ ಒಳಮೈಯನ್ನು ಉಜ್ಜಿ ಉಜ್ಜಿ ಕೊಯ್ಯುತ್ತದೆ. ಕೊಯ್ದ ಕಡೆ ತೂತು ಬಿದ್ದರೆ ಕರುಳಿನ ಹೊಲಸು ಹೊಟ್ಟೆಯೊಳಗೆ ಸೋರಿ ಕೀವಾಗುತ್ತದೆ. ಅಲ್ಲಿಗೆ ಬಂದ ಮೇಲೆ ಉಳಿಸುವುದು ಬಹಳ ಕಷ್ಟ.

ಹೊರಗೆ ಕಾಣುವ ತುದಿಯನ್ನು ಎಳೆದರೆ ಕೊಯ್ಯುವ ಆ ಕೆಲಸವನ್ನು ನಾವೇ ಜೋರು ಮಾಡಿದಂತೆ. ಭೇದಿಗೆ ಕೊಟ್ಟರೂ ಅಷ್ಟೇ, ಕರುಳು ಇನ್ನೂ ಜೋರಾಗಿ ತಳ್ಳುತ್ತದೆ, ದಾರ ಇನ್ನೂ ಆಳಕ್ಕೆ ಇಳಿಯುತ್ತದೆ. ವಾಂತಿ ಮಾಡುತ್ತಿರುವ ನಾಯಿಗೆ ಎಣ್ಣೆ ಕುಡಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಎಣ್ಣೆ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಹಿಡಿಯುತ್ತದೆ.

ನಮ್ಮ ಆಸ್ಪತ್ರೆಯಲ್ಲಿ

ನಾಯಿ ಟಂಟಂ ಆಟೋದಲ್ಲಿ ಬಂತು. ಇಳಿಸಿದಾಗ ನಡೆಯುತ್ತಿತ್ತು, ಆದರೆ ಬೆನ್ನು ಬಾಗಿತ್ತು. ಜ್ವರ 103.4 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5ರವರೆಗೆ ಮಾಮೂಲು. ಒಸಡು ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೂರುತ್ತಿರಲಿಲ್ಲ. ನೀರಿನಂಶ ಚೆನ್ನಾಗಿಯೇ ಕಡಿಮೆಯಾಗಿತ್ತು.

ಬಾಯಿ ತೆರೆದು, ದವಡೆಯ ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ನಾಲಗೆ ಎತ್ತಿ ನೋಡಿದೆ. ಬುಡದಲ್ಲಿ ದಾರ ಇರಲಿಲ್ಲ. ದಾರದ ಸಂಶಯ ಬಂದರೆ ಈ ಪರೀಕ್ಷೆ ತಪ್ಪಿಸುವಂತಿಲ್ಲ, ಅರ್ಧ ನಿಮಿಷವೂ ಬೇಕಿಲ್ಲ. ಆಮೇಲೆ ಹೊಟ್ಟೆ ಮುಟ್ಟಿದೆ. ದಪ್ಪ ನಾಯಿಯಾಗಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಇದರ ತೆಳ್ಳನೆ ಹೊಟ್ಟೆಯಲ್ಲಿ ಪಕ್ಕೆಲುಬಿನ ಹಿಂದೆ, ಬಲಕ್ಕೆ, ಕರುಳಿನ ಸುರುಳಿಗಳು ಒಂದೇ ಕಡೆ ಗುಂಪಾಗಿ ಗಟ್ಟಿಯಾಗಿ ಸಿಕ್ಕವು. ಒತ್ತಿದಾಗ ನಾಯಿ ಉಸಿರು ಹಿಡಿಯಿತು.

ಜೋತು ಬಿದ್ದಿದ್ದ ಎಳೆಯನ್ನು ಗುದದ ಹತ್ತಿರ ಕತ್ತರಿಯಿಂದ ಕತ್ತರಿಸಿದೆ. ಉದ್ದ ಇದ್ದರೆ ನಾಯಿಯೇ ಬಾಯಲ್ಲಿ ಹಿಡಿದು ಎಳೆಯುತ್ತದೆ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ರಕ್ತನಾಳಕ್ಕೆ ರಿಂಗರ್ ಲ್ಯಾಕ್ಟೇಟ್ ಸಲಾಯಿನ್ ಹಚ್ಚಿ, ನೋವಿಗೆ ಇಂಜೆಕ್ಷನ್ ಕೊಟ್ಟೆ. ವಾಂತಿ ನಿಲ್ಲಿಸಲು ನಮ್ಮಲ್ಲಿ ಸುಲಭವಾಗಿ ಸಿಗುವುದು ಮೆಟೊಕ್ಲೋಪ್ರಮೈಡ್. ಅದು ಜಠರ, ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಕರುಳು ಕಟ್ಟಿದೆ ಅನ್ನುವ ಸಂಶಯವಿದ್ದಾಗ ಕೊಡಬಾರದು. ಹಾಗಾಗಿ ಕೊಡಲಿಲ್ಲ.

"ಎರಡ ದಿನ ಸಲಾಯಿನ್ ಹಚ್ಚಿ ನೋಡೂಣೇನ್ರಿ ಸರ? ತಾನ ಬಿದ್ದರ ಬೀಳಬಹುದು," ಅಂದ ಯಜಮಾನ. ಕಾಯಬಹುದಾದ ಪ್ರಕರಣಗಳೂ ಇವೆ. ಸಣ್ಣ, ನುಣುಪಾದ ವಸ್ತುವಾಗಿದ್ದು, ನಾಯಿ ಚುರುಕಾಗಿದ್ದು, ಉಂಡದ್ದು ಒಳಗೇ ನಿಲ್ಲುತ್ತಿದ್ದರೆ ಒಂದೆರಡು ದಿನ ಮಲ ನೋಡುತ್ತಾ ಕಾಯುತ್ತೇವೆ. ಇಲ್ಲಿ ದಾರದ ಒಂದು ತುದಿ ಹೊರಗಿತ್ತು, ಇನ್ನೊಂದು ತುದಿ ಒಳಗೆ ಬಿಗಿದಿತ್ತು, ಜ್ವರ ಶುರುವಾಗಿತ್ತು. ಕಾದಷ್ಟೂ ಕರುಳು ಹರಿಯುತ್ತದೆ ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ನೇಕಾರನಿಗೆ ಎಳೆಯ ಬಿಗಿತದ ಮಾತು ಎರಡನೇ ಸಲ ಹೇಳಬೇಕಾಗಲಿಲ್ಲ. ಸ್ಕ್ಯಾನಿಂಗ್, ಅರಿವಳಿಕೆ, ಹೊಟ್ಟೆ ತೆರೆಯುವ ಅನುಕೂಲ ನಮ್ಮಲ್ಲಿ ಇರಲಿಲ್ಲ. ಬೇರೆ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಚೀಟಿ ಬರೆದು, ಡ್ರಿಪ್ ಹಚ್ಚಿಕೊಂಡೇ ಕಳಿಸಿದೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ

ಎರಡನೇ ತಿರುವು ಅಲ್ಲಿ ಬಂತು. ಎಕ್ಸ್‌ರೇ ತೆಗೆದರು. ಯಜಮಾನನಿಗೆ ಅದರಲ್ಲಿ ದಾರ ಕಾಣಲಿಲ್ಲ. ನನಗೆ ಫೋನ್ ಹಚ್ಚಿದ: "ಫೋಟೋದಾಗ ಏನೂ ಇಲ್ರಿ ಸರ. ಏನೂ ಇಲ್ಲಂದ್ರ ಹೊಟ್ಟಿ ಯಾಕ ಕೊಯ್ಯಬೇಕ್ರಿ?"

ನ್ಯಾಯವಾದ ಪ್ರಶ್ನೆ. ಎಕ್ಸ್‌ರೇಯಲ್ಲಿ ಲೋಹ, ಕಲ್ಲು, ಎಲುಬು ಚೆನ್ನಾಗಿ ಕಾಣುತ್ತವೆ. ದಾರ, ಬಟ್ಟೆ, ಬಹಳಷ್ಟು ಪ್ಲಾಸ್ಟಿಕ್ ಕಾಣುವುದಿಲ್ಲ. ವೈದ್ಯರು ನೋಡುವುದು ದಾರ ಇರುವ ಕಡೆಯ ಕರುಳು ಹೇಗಿದೆ ಅಂತ. ಇದರಲ್ಲಿ ಕರುಳೆಲ್ಲ ಬಲಕ್ಕೆ ಗುಂಪಾಗಿತ್ತು. ಉದ್ದಕ್ಕೆ ಇರಬೇಕಾದ ಗಾಳಿ ಮಡಿಕೆಗಳ ನಡುವೆ ಸಿಕ್ಕಿ ಅಲ್ಪವಿರಾಮದ ಆಕಾರದ ಚಿಕ್ಕ ಚಿಕ್ಕ ಗುಳ್ಳೆಗಳಾಗಿತ್ತು. ದಾರ ನುಂಗಿದ್ದಕ್ಕೆ ಇದು ಬಲವಾದ ಗುರುತು. ಸ್ಕ್ಯಾನಿಂಗ್ ಮಾಡಿದಾಗ ನೆರಿಗೆಗಳು ಸ್ಪಷ್ಟವಾಗಿ ಕಂಡವು. ಅಲ್ಲಿಯ ವೈದ್ಯರು ಪರದೆಯನ್ನು ಯಜಮಾನನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರಂತೆ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಒಪ್ಪಿಗೆ ಸಹಿ ಕೇಳುವ ಮೊದಲು ಹೀಗೆ ತೋರಿಸಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ದುಡ್ಡಿನ ಮಾತು ಬಿಟ್ಟು ಈ ಪ್ರಕರಣ ಬರೆದರೆ ಅದು ಪೂರ್ತಿ ಆಗುವುದಿಲ್ಲ. ಖರ್ಚು ಕೈಮಗ್ಗದ ಮನೆಗೆ ದೊಡ್ಡ ಹೊರೆ. ಸೀರೆ ಕೊಳ್ಳುವ ಸಾಹುಕಾರರ ಹತ್ತಿರ ಮುಂಗಡ ತೆಗೆದರು. ನಾಯಿಗೆ ಇಷ್ಟು ಯಾಕೆ ಅಂತ ಓಣಿಯಲ್ಲಿ ಅಂದವರೂ ಇದ್ದರು. ಅಜ್ಜ ಒಂದೇ ಮಾತು ಹೇಳಿದರಂತೆ, "ಮನ್ಯಾಗಿನ ಜೀವ ಐತಿ." ಈ ನಿರ್ಧಾರ ಯಾವ ಮನೆಗೂ ಸುಲಭವಲ್ಲ. ಮಾಡಲಾಗದವರನ್ನು ನಾನು ದೂರುವುದಿಲ್ಲ. ಆದರೆ ಮೊದಲ ದಿನವೇ ಬಂದಿದ್ದರೆ, ದಾರ ಇನ್ನೂ ಜಠರದಲ್ಲೇ ಇದ್ದಿದ್ದರೆ, ಎಂಡೋಸ್ಕೋಪ್‌ನಿಂದ (ಬಾಯಿಯ ಮೂಲಕ ಇಳಿಸುವ ಕ್ಯಾಮೆರಾ ಕೊಳವೆಯಿಂದ) ಅಥವಾ ಜಠರ ಒಂದನ್ನೇ ತೆರೆದು ತೆಗೆಯುವ ಸಾಧ್ಯತೆ ಇತ್ತು. ಆಗ ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

ಆಪರೇಷನ್

ಮುಧೋಳದಂಥ ಓಟದ ಬೇಟೆ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟಾಲ್‌ನಂಥ ಅರಿವಳಿಕೆ ಕೊಟ್ಟರೆ ಅವು ಏಳಲು ಬಹಳ ಹೊತ್ತು ಹಿಡಿಯುತ್ತವೆ. ಅಲ್ಲಿಯವರು ಇದನ್ನು ನೋಡಿಕೊಂಡೇ ಬೇರೆ ಔಷಧ ಆರಿಸಿದ್ದರು. ಮುಧೋಳ ನಾಯಿ ಸಾಕಿದವರು ಯಾವ ಆಪರೇಷನ್ನಿಗೆ ಹೋದರೂ ತಳಿ ಯಾವುದು ಅಂತ ಮೊದಲೇ ಹೇಳಿ. ತೂಕವನ್ನೂ ಹೇಳಿ.

ಮೊದಲು ಜಠರ ತೆರೆದರು. ಕರುಳಿನ ಬಾಯಲ್ಲಿ ನೂಲಿನ ಮುದ್ದೆ ಬಿರಡೆಯಂತೆ ಕೂತಿತ್ತು. ಅದನ್ನು ಎಳೆಯಲಿಲ್ಲ, ಅಲ್ಲೇ ಕತ್ತರಿಸಿ ಬಿಡಿಸಿಕೊಂಡರು. ಬಿಗಿತ ಬಿಟ್ಟಕೂಡಲೇ ಮೇಲಿನ ಕೆಲವು ಮಡಿಕೆ ತಾವೇ ಬಿಚ್ಚಿಕೊಂಡವು. ಆಮೇಲೆ ಕರುಳಿನ ಉದ್ದಕ್ಕೆ ಅಲ್ಲಲ್ಲಿ ಸಣ್ಣ ಸೀಳು ಹಾಕಿ, ದಾರವನ್ನು ತುಂಡು ತುಂಡಾಗಿ ತೆಗೆದರು. ಒಂದೇ ಸೀಳಿನಿಂದ ಪೂರ್ತಿ ಎಳೆದು ತೆಗೆಯಲು ಹೋದರೆ ಕೈಯಾರೆ ಕರುಳು ಕೊಯ್ದಂತೆ ಆಗುತ್ತದೆ. ಇದರಲ್ಲೇ ಬಹಳ ಸಮಯ ಹೋಯಿತು.

ಕಷ್ಟದ ಭಾಗ ಇನ್ನೂ ಇತ್ತು. ಕರುಳು ತನ್ನ ಪೊರೆಗೆ ಅಂಟಿಕೊಂಡಿರುವ ಒಳಬದಿಯಲ್ಲೇ ದಾರ ಕೊಯ್ಯುವುದು. ಅಲ್ಲಿ ಕೊಬ್ಬಿನ ಮರೆಯಿರುತ್ತದೆ, ಸೂಜಿಮೊನೆಯಷ್ಟು ತೂತು ಕಣ್ಣಿಗೆ ಬೀಳುವುದಿಲ್ಲ. ಬೆರಳಿನ ನಡುವೆ ಹಿಡಿದು ಅಂಗುಲ ಅಂಗುಲ ನೋಡಿದಾಗ ಒಂದು ಕಡೆ ಬಣ್ಣ ಕಪ್ಪಿಟ್ಟು ಎರಡು ತೂತು ಸಿಕ್ಕವು. ಆ ತುಂಡನ್ನು ತೆಗೆದು ಎರಡು ತುದಿ ಜೋಡಿಸಿದರು. ಹೊಲಿಗೆಯ ಮೇಲೆ ಹೊಟ್ಟೆಯ ಕೊಬ್ಬಿನ ಪೊರೆಯನ್ನು ಹೊದಿಸಿ, ಹೊಟ್ಟೆ ತೊಳೆದು ಮುಚ್ಚಿದರು. ಹೊರಬಂದದ್ದು ಕೆಂಪು ರೇಷ್ಮೆ, ಬಿಳಿ ಹತ್ತಿ, ನಡುವೆ ಬಿಗಿದ ಗಂಟುಗಳು.

ಆ ತೂತು ಹುಡುಗ ಎಳೆದದ್ದರಿಂದ ಬಿದ್ದವೋ, ಔಡಲೆಣ್ಣೆಯಿಂದಲೋ, ಮೂರು ದಿನ ಕಳೆದದ್ದರಿಂದಲೋ? ಬೇರ್ಪಡಿಸಿ ಹೇಳಲು ಬರುವುದಿಲ್ಲ. ಹುಡುಗನಿಗೆ ನಾನು ಇದನ್ನೇ ಹೇಳಿದೆ. ಅವನು ಬಹಳ ನೊಂದುಕೊಂಡಿದ್ದ.

ನಾಲ್ಕನೇ ದಿನದ ಜ್ವರ

ಕರುಳು ಹೊಲಿದ ಮೇಲೆ ಮೂರರಿಂದ ಐದನೇ ದಿನ ಕಣ್ಣಿಟ್ಟು ಕಾಯುವ ಕಾಲ. ಹೊಲಿಗೆ ಬಿಟ್ಟರೆ ಹೆಚ್ಚಾಗಿ ಆಗಲೇ ಬಿಡುತ್ತದೆ. ಮೊದಲೆರಡು ದಿನ ಚೆನ್ನಾಗಿತ್ತು. ಹನಿ ನೀರು, ಆಮೇಲೆ ಮೆತ್ತಗಿನ ಅನ್ನ, ಬೇಯಿಸಿದ ಕೋಳಿಯ ಸಣ್ಣ ಚೂರು. ನಾಲ್ಕನೇ ದಿನ ನಾಯಿ ಮತ್ತೆ ಮಂಕಾಯಿತು, ಜ್ವರ ಏರಿತು. ಮತ್ತೆ ಹೊಟ್ಟೆ ತೆರೆಯಬೇಕೇ?

ವೈದ್ಯರು ಅವಸರ ಮಾಡಲಿಲ್ಲ. ಸೂಜಿಯಿಂದ ಹೊಟ್ಟೆಯೊಳಗಿನ ದ್ರವ ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಪರೇಷನ್ ಆದ ಮೇಲೆ ಬಿಳಿ ರಕ್ತಕಣ ಇರುವುದು ಸಹಜ. ಆ ಕಣಗಳ ಒಳಗೆ ಬ್ಯಾಕ್ಟೀರಿಯಾ ಕಂಡರೆ ಸೋರಿಕೆ ಅಂತ ಅರ್ಥ. ಇಲ್ಲಿ ಕಾಣಲಿಲ್ಲ. ಹೊರಗಿನ ಗಾಯದ ಒಂದು ಮೂಲೆ ಕೆಂಪಾಗಿ ಬಿಸಿಯಾಗಿತ್ತು. ನಾಯಿ ನೆಕ್ಕಿತ್ತು. ಗಾಯ ತೊಳೆದು, ಆಂಟಿಬಯೋಟಿಕ್ ಬದಲಿಸಿ, ಕೊರಳಿಗೆ ಕಾಲರ್ ಹಾಕಿದರು. ಮರುದಿನ ಜ್ವರ ಇಳಿಯಿತು. ಭಯಕ್ಕೆ ಮತ್ತೆ ಹೊಟ್ಟೆ ಕೊಯ್ದಿದ್ದರೆ ಸೊರಗಿದ್ದ ಆ ನಾಯಿ ತಡೆಯುತ್ತಿತ್ತೋ ಇಲ್ಲವೋ. ಒಂದು ಹನಿ ದ್ರವ ನೋಡಿ ಕಾಯುವ ಧೈರ್ಯ ಮಾಡಿದ್ದು ಮೂರನೇ ತಿರುವು. ನಾಯಿ ಊರಿಗೆ ಬಂದ ಮೇಲೆ ಹೊಲಿಗೆ ಬಿಚ್ಚಿದ್ದು ನಾನೇ. ತೂಕ ಇಳಿದಿತ್ತು, ನಿಧಾನವಾಗಿ ತುಂಬಿಕೊಂಡಿತು. ಈಗ ಮನೆಯಲ್ಲಿ ಚಿಂದಿ ನೂಲು ಮುಚ್ಚಳವಿರುವ ಡಬ್ಬಿಗೆ ಹೋಗುತ್ತದೆ.

ಬೇರೆ ವಸ್ತುಗಳಾದರೆ

ಎಲ್ಲ ಮನೆಯಲ್ಲೂ ಮಗ್ಗ ಇರುವುದಿಲ್ಲ. ಆದರೆ ಹೊಲಿಗೆ ಮಷಿನ್ ಇರುತ್ತದೆ, ಗಾಳಿಪಟದ ದಾರ ಇರುತ್ತದೆ, ಹರಿದ ಸಾಕ್ಸ್ ಇರುತ್ತದೆ. ಇವೆಲ್ಲಕ್ಕೂ ಮೇಲಿನ ಮಾತೇ. ದಾರದ ಜೊತೆ ಸೂಜಿಯೂ ಹೋಗಿದ್ದರೆ ತಡಮಾಡಲೇಬೇಡಿ.

ನಮ್ಮ ಭಾಗದಲ್ಲಿ ಗೋವಿನಜೋಳದ (ಮೆಕ್ಕೆಜೋಳದ) ದಿಂಡು, ಬೇಸಿಗೆಯಲ್ಲಿ ಮಾವಿನ ಗೊರಟ ಇನ್ನೆರಡು ದೊಡ್ಡ ಕಾಟ. ಎರಡೂ ಕರಗುವುದಿಲ್ಲ. ಜಠರದಲ್ಲಿ ದಿನಗಟ್ಟಲೆ ಸುಮ್ನೆ ಕೂತು, ಒಂದು ದಿನ ಕರುಳಿಗಿಳಿದು ಕಟ್ಟಿಕೊಳ್ಳುತ್ತವೆ. ಮೊದಲೆರಡು ದಿನ ನಾಯಿ ಆರಾಮಾಗಿತ್ತು ಅಂತ ನಂಬಿ ಕೂರುವಂತಿಲ್ಲ. ಗುಂಡಿಯಾಕಾರದ ಸಣ್ಣ ಬ್ಯಾಟರಿ ಇದಕ್ಕಿಂತ ಭಯಂಕರ. ಅನ್ನನಾಳದಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೇ ಸುಡುತ್ತದೆ. ಒಂದಕ್ಕಿಂತ ಹೆಚ್ಚು ಮ್ಯಾಗ್ನೆಟ್ ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ವಾಂತಿ ಮಾಡಿಸುವ ವಿಷಯ. ಉಪ್ಪು ನೀರು ಕುಡಿಸುವುದು ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ವಾಂತಿ ಆಗದೆ ಆ ಉಪ್ಪು ಮೈಗೇರಿದರೆ ಮಿದುಳಿಗೆ ಪೆಟ್ಟು ಬಿದ್ದು ಫಿಟ್ಸ್ ಬರುತ್ತದೆ, ನಾಯಿ ಸಾಯಲೂಬಹುದು. ಬೆರಳು ಹಾಕಿ ತೆಗೆಯಲು ಹೋದರೆ ವಸ್ತು ಇನ್ನೂ ಒಳಕ್ಕೆ ಹೋಗುತ್ತದೆ, ಕೈಗೂ ಕಚ್ಚುತ್ತದೆ. ನುಂಗಿ ಸುಮಾರು ಎರಡು ಗಂಟೆಯೊಳಗಿದ್ದು, ವಸ್ತು ಮೆತ್ತಗೆ, ನುಣುಪಾಗಿದ್ದರೆ ವೈದ್ಯರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ಚೂಪಾದದ್ದು, ಬ್ಯಾಟರಿ, ಉದ್ದನೆ ದಾರ ಇದ್ದರೆ ಅವರೂ ಮಾಡಿಸುವುದಿಲ್ಲ. ಉಸಿರೇ ಕಟ್ಟುತ್ತಿದ್ದು, ವಸ್ತು ಬಾಯಲ್ಲಿ ಎದುರಿಗೇ ಕಾಣುತ್ತಿದ್ದರೆ ಆ ಮಾತು ಬೇರೆ, ಆಗ ಕೂಡಲೇ ತೆಗೆಯಬೇಕು.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ. ಬಾಯಿಗೆ ಏನೂ ಹಾಕಬೇಡಿ, ಬಾಳೆಹಣ್ಣೂ ಬೇಡ, ತುಪ್ಪವೂ ಬೇಡ. ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆಯೇ ಒಳ್ಳೆಯದು. ನುಂಗಿದ ವಸ್ತುವಿನ ಉಳಿದ ತುಂಡು, ಅಂಥದ್ದೇ ಇನ್ನೊಂದು ಇದ್ದರೆ ಅದು, ಬ್ಯಾಟರಿಯಾದರೆ ಅದರ ಕವರ್ ಜೊತೆಗೆ ತನ್ನಿ. ತಾಲ್ಲೂಕು ಪಶು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ನಂಬರ್ ಗೊತ್ತಿಲ್ಲದಿದ್ದರೆ ಪಶುಪಾಲನೆಯ ಸಹಾಯವಾಣಿ 1962 ಇದೆ. ಈ ಕಡೆಯವರಿಗೆ ಅಥಣಿ ಮತ್ತು ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜುಗಳೂ ಇವೆ. ಹೊರಡುವ ಮೊದಲು ಯಾವ ಸೌಲಭ್ಯ ಇದೆ, ವೈದ್ಯರು ಇದ್ದಾರೋ ಅಂತ ಕೇಳಿಕೊಂಡು ಹೋಗಿ. ಫೋನ್‌ನಲ್ಲಿ ಏನು ನುಂಗಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು, ವಾಂತಿ ಎಷ್ಟು ಸಲ ಆಯಿತು, ಕೊನೆಯ ಸಲ ಮಲ ಹಾಕಿದ್ದು ಯಾವಾಗ, ಮನೆಯಲ್ಲಿ ಏನೇನು ಕುಡಿಸಿದಿರಿ ಅನ್ನುವುದನ್ನು ಹೇಳಿ. ಕೊನೆಯದನ್ನು ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಈ ಮನೆಯ ಅಜ್ಜ ಔಡಲೆಣ್ಣೆಯ ಮಾತನ್ನು ತಾವೇ ಮುಂದೆ ಬಂದು ಹೇಳಿದ್ದರಿಂದ, ಅರಿವಳಿಕೆ ಕೊಡುವ ಮೊದಲು ಅಲ್ಲಿಯವರು ಶ್ವಾಸಕೋಶದ ಎಕ್ಸ್‌ರೇಯನ್ನೂ ತೆಗೆದು ನೋಡಿಕೊಂಡರು.